ಅರವತ್ತಕ್ಕೆ ಅರಳು ಮರಳಲ್ಲ, ಕಸರತ್ತು!

ಹಾಸನ: ಬೆಳಗಿನ ಐದೂವರೆಗೆ ನಮ್ಮ ಊರಿನಲ್ಲಿ ಯಾರು ಯಾರು ಎದ್ದಿರುತ್ತಾರೆ? ಹಾಲಿನವರು ಎದ್ದಿರುತ್ತಾರೆ. ಪೇಪರ್ ಹಾಕುವ ಹುಡುಗರು ಎದ್ದಿರುತ್ತಾರೆ. ಕಟ್ಟಿನಕೆರೆ ಮಾರ್ಕೆಟ್ಟಿಗೆ ಸೊಪ್ಪು ತರುವವರು ಎದ್ದಿರುತ್ತಾರೆ. ಬಸ್‌ಸ್ಟ್ಯಾಂಡ್ ಬಳಿಯ ಟೀ ಅಂಗಡಿಯವನು ರಾತ್ರಿ ಮಲಗಿದ್ದನೋ ಇಲ್ಲವೋ ಎಂಬುದೇ ಅನುಮಾನ. ಈ ಪಟ್ಟಿಗೆ ಈಚೆಗೆ ಹೊಸದೊಂದು ಪಂಗಡ ಸೇರಿಕೊಂಡಿದೆ. ಗಂಡಸರಾದರೆ ತಲೆಗೆ ಮಂಕಿ ಕ್ಯಾಪು, ಮೈಗೆ ಮಗನ ಹಳೇ ಸ್ವೆಟರು. ಹೆಂಗಸರಾದರೆ ಸೀರೆಯ ಕೆಳಗೆ ಬಿಳೀ ಶೂಸು. ಎಲ್ಲರ ಕಂಕುಳಲ್ಲೂ ಒಂದು ಸುತ್ತಿದ ಚಾಪೆ. ವಯಸ್ಸು ಐವತ್ತೈದರಿಂದ ಎಪ್ಪತ್ತೈದರ ಒಳಗೆ. ಗೇಟು ಕಿರ್ರೆನ್ನದ ಹಾಗೆ ತೆಗೆದು, ಅಕ್ಕಪಕ್ಕದವರು ನೋಡಿಯಾರೆಂದು ಗೋಡೆ ಬದಿಗೇ ನಡೆದು ಪಾರ್ಕು ಸೇರುತ್ತಾರೆ.

ಎಲ್ಲಿಗೆ ಅಂತ ಕೇಳಿದರೆ ಉತ್ತರ ಒಂದೇ ಮಾತು, 'ಕ್ಲಾಸಿಗೆ'. ಯಾವ ಕ್ಲಾಸು? ಯೋಗದ್ದಿರಬಹುದು. ಏರೋಬಿಕ್ಸ್ ಇರಬಹುದು. ಸಿನಿಮಾ ಹಾಡು ಹಾಕಿ ಕುಣಿಸುವ ಜುಂಬಾ ಇರಬಹುದು. ಕೈಯೆತ್ತಿ ಹ್ಹ ಹ್ಹ ಹ್ಹ ಎಂದು ನಗುವ ನಗೆಕೂಟ ಇರಬಹುದು. ಇದನ್ನು 1995ರಲ್ಲಿ ಮುಂಬೈಯ ಒಂದು ಪಾರ್ಕಿನಲ್ಲಿ ಡಾ. ಮದನ್ ಕಟಾರಿಯಾ ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಶುರು ಮಾಡಿದ್ದು. ಹೆಸರು ಏನೇ ಇರಲಿ, ಬರುವವರು ಮಾತ್ರ ಹೈಸ್ಕೂಲಿನ ಡ್ರಿಲ್ ಮೇಷ್ಟ್ರ ವಿಷಲ್ ಕೇಳಿದ ಮೇಲೆ ಮತ್ತೆಂದೂ ಮೈ ಬಗ್ಗಿಸದವರು. 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯ ವಯಸ್ಸಿಗೆ ಬಂದು, ಈಗ ಎಡಗಾಲು ಬಲಗಾಲು ಕಲಿಯುತ್ತಿದ್ದಾರೆ.

ಪಡ್ಡೆ ಹುಡುಗರು ನೋಡಿ ನಗುತ್ತಾರೆ. ನಗಲಿ ಬಿಡಿ. ಆದರೆ ಇದು ನಗುವ ವಿಷಯವೋ, ಯೋಚಿಸುವ ವಿಷಯವೋ ಎಂಬುದನ್ನು ನೋಡಲೇಬೇಕು. ಯಾಕೆಂದರೆ ಇವರಲ್ಲಿ ಬಹಳಷ್ಟು ಮಂದಿಯನ್ನು ಪಾರ್ಕಿಗೆ ಎಳೆದು ತಂದದ್ದು ಶೋಕಿಯಲ್ಲ, ಹೆದರಿಕೆ.

ಎರಡು ಹೆದರಿಕೆ

ಹಾಸನದವರಿಗೆ ಈ ಹೆದರಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ. 2025ರ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಈ ಜಿಲ್ಲೆಯಲ್ಲಿ ಬೆಳಗಾದರೆ ಅದೇ ಸುದ್ದಿ. ಇವತ್ತು ಅಲ್ಲೊಬ್ಬರು, ನಾಳೆ ಇಲ್ಲೊಬ್ಬರು. ನಲವತ್ತು ದಿನದ ಲೆಕ್ಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು, ಅದರಲ್ಲಿ ವಯಸ್ಸಿನ ಹುಡುಗರೂ ಇದ್ದರು. ಟಿವಿಯವರು ಹಾಸನಕ್ಕೆ 'ಹೃದಯಾಘಾತದ ಜಿಲ್ಲೆ' ಎಂಬಂತೆ ಪಟ್ಟ ಕಟ್ಟಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವಕ್ಕೇ ಕ್ಯೂ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈಯಲ್ಲಿ ವರದಿ ಬಂತು. ಹಿಂದಿಗಿಂತ ಅಸಹಜವಾದ ಏರಿಕೆ ಏನೂ ಕಂಡಿಲ್ಲ, ಎಲ್ಲ ಸಾವೂ ಹೃದಯಾಘಾತದಿಂದಲೇ ಆದದ್ದಲ್ಲ, ಕಾರಣಗಳೂ ಹೊಸವಲ್ಲ, ಅದೇ ಹಳೇ ಬಿ.ಪಿ., ಸಕ್ಕರೆ, ಬೀಡಿ-ಸಿಗರೇಟು, ಬೊಜ್ಜು ಎಂದು ಹೇಳಿತು. ಆಟೋ, ಕ್ಯಾಬ್ ಓಡಿಸುವವರು ಅವರಲ್ಲಿ ಎದ್ದು ಕಾಣುವಷ್ಟು ಮಂದಿ ಇದ್ದರೆಂಬ ಮಾತೂ ಬಂತು. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಅದರ ಕೆಲಸವಿದೆ.

ಇದು ಒಂದು ಹೆದರಿಕೆ, ವ್ಯಾಯಾಮ ಮಾಡದಿದ್ದರೆ ಏನಾಗುತ್ತದೋ ಅಂತ. ಇನ್ನೊಂದು ಅದರ ತದ್ವಿರುದ್ಧ, ಮಾಡಿದರೆ ಏನಾಗುತ್ತದೋ ಅಂತ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ದಿನ ಹುಟ್ಟಿದ ಹೆದರಿಕೆ ಇದು. ಅಷ್ಟು ಗಟ್ಟಿಮುಟ್ಟಾದ ಮನುಷ್ಯನಿಗೇ ಹೀಗಾದರೆ ನಮ್ಮಂಥವರ ಗತಿ ಏನು, ಸುಮ್ಮನೆ ಮನೇಲಿರೋದೇ ವಾಸಿ ಅಂತ ಎಷ್ಟೋ ಮನೆಗಳಲ್ಲಿ ತೀರ್ಮಾನವಾಯಿತು. ಜಿಮ್ಮಿಗೆ ಹೋಗುತ್ತಿದ್ದ ಮಗನಿಗೆ ತಾಯಿ ಆಣೆ ಇಟ್ಟು ಬಿಡಿಸಿದ್ದೂ ಉಂಟು.

ಈ ಎರಡು ಹೆದರಿಕೆಯ ನಡುವೆ ನಮ್ಮ ಅರವತ್ತರ ಹಿರಿಯರು ಸಿಕ್ಕಿಕೊಂಡಿದ್ದಾರೆ. ಮಾಡಬೇಕೋ, ಬಿಡಬೇಕೋ?

ಲಂಡನ್ನಿನ ಡ್ರೈವರು, ವಿಂಧ್ಯಗಿರಿಯ ಮೆಟ್ಟಿಲು

ಇದಕ್ಕೆ ಉತ್ತರ ಹುಡುಕಲು ಒಬ್ಬ ಡಾಕ್ಟರು ಎಪ್ಪತ್ತು ವರ್ಷದ ಹಿಂದೆ ಬಸ್ಸು ಹತ್ತಿದರು. ಹೆಸರು ಜೆರೆಮಿ ಮಾರಿಸ್. ಊರು ಲಂಡನ್. ಅಲ್ಲಿ ಆಗ ಓಡುತ್ತಿದ್ದದ್ದು ಎರಡು ಅಂತಸ್ತಿನ ಬಸ್ಸು. ಡ್ರೈವರು ಇಡೀ ದಿನ ಸೀಟಿನಲ್ಲಿ ಕೂತಿರುತ್ತಾನೆ. ಕಂಡಕ್ಟರು ಟಿಕೆಟ್ ಕೊಡಲು ದಿನವಿಡೀ ಮೇಲಂತಸ್ತಿಗೆ ಹತ್ತಿ ಇಳಿಯುತ್ತಾನೆ. ಇಬ್ಬರೂ ಒಂದೇ ಕಂಪನಿಯವರು, ಒಂದೇ ಊರಿನವರು, ಹೆಚ್ಚುಕಡಿಮೆ ಒಂದೇ ಸಂಬಳ. ಸುಮಾರು 31,000 ಮಂದಿಯ ಲೆಕ್ಕ ತೆಗೆದು ನೋಡಿದರೆ ಹೃದ್ರೋಗ ಡ್ರೈವರುಗಳಲ್ಲಿ ಹೆಚ್ಚು, ಕಂಡಕ್ಟರುಗಳಲ್ಲಿ ಕಡಿಮೆ. ಬಂದರೂ ತಡವಾಗಿ ಬರುತ್ತದೆ, ಬಂದಾಗ ಅಷ್ಟು ಬೇಗ ಕೊಲ್ಲುವುದಿಲ್ಲ. ಇದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾಯಿತು. ಮೈ ಬಗ್ಗಿಸುವುದಕ್ಕೂ ಹೃದಯಕ್ಕೂ ಸಂಬಂಧ ಇದೆ ಎಂದು ಲೆಕ್ಕ ಸಮೇತ ತೋರಿಸಿದ ಮೊದಲ ದೊಡ್ಡ ಕೆಲಸಗಳಲ್ಲಿ ಇದೂ ಒಂದು.

ಮಾರಿಸ್ ಸಾಹೇಬರು ಪ್ರಾಮಾಣಿಕ ಮನುಷ್ಯ. ಡ್ರೈವರುಗಳು ಮೊದಲೇ ದಪ್ಪಗಿದ್ದರೇನೋ ಎಂದು ಅನುಮಾನ ಬಂದು, ಕಂಪನಿಯವರು ಹೊಲಿಸಿ ಕೊಟ್ಟ ಯೂನಿಫಾರಂ ಅಳತೆಗಳನ್ನು ತೆಗೆಸಿ ನೋಡಿದರು. ಹೌದು, ಡ್ರೈವರುಗಳ ಸೊಂಟದ ಅಳತೆ ಕೆಲಸಕ್ಕೆ ಸೇರುವಾಗಲೇ ತುಸು ದೊಡ್ಡದಿತ್ತು. ಅದನ್ನೂ 1956ರಲ್ಲಿ ಮುಚ್ಚಿಡದೆ ಪ್ರಕಟಿಸಿದರು. ಆದರೆ ಕಾಗದ ಹಂಚುವ ಪೋಸ್ಟ್‌ಮನ್ನಿಗೂ ಕುರ್ಚಿಯಲ್ಲಿ ಕೂತ ಗುಮಾಸ್ತನಿಗೂ ಅದೇ ವ್ಯತ್ಯಾಸ ಕಂಡಿತ್ತು. ಆಮೇಲೆ ಎಷ್ಟೋ ದೇಶಗಳಲ್ಲಿ ಎಷ್ಟೋ ಜನ ಅಳೆದು ನೋಡಿದರೂ ದಿಕ್ಕು ಬದಲಾಗಲಿಲ್ಲ. ಮಾರಿಸ್ ಅವರೇ ಕೊನೆಯವರೆಗೂ ನಡಿಗೆ, ಈಜು ಬಿಡದೆ 2009ರಲ್ಲಿ 99 ವರ್ಷಕ್ಕೆ ತೀರಿಕೊಂಡರು.

ಆ ಕಂಡಕ್ಟರು ದಿನಕ್ಕೆ ಎಷ್ಟು ಮೆಟ್ಟಿಲು ಹತ್ತುತ್ತಿದ್ದ? ಸುಮಾರು ಐನೂರರಿಂದ ಏಳುನೂರೈವತ್ತು. ನಮ್ಮ ಜಿಲ್ಲೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಮೇಲೆ ಮೆಟ್ಟಿಲಿವೆ. ಅಂದರೆ ಆ ಮನುಷ್ಯ ಸಂಬಳ ತೆಗೆದುಕೊಂಡೇ ದಿನಕ್ಕೊಂದು ಸಲ ಗೊಮ್ಮಟನ ದರ್ಶನ ಮಾಡಿ ಬರುತ್ತಿದ್ದ. ಡ್ರೈವರು ಡೋಲಿಯಲ್ಲಿ ಕೂತಿದ್ದ, ಅಷ್ಟೆ.

ಪಾರ್ಕಿನ ಗುಂಪಿನಲ್ಲಿ ಸಿಕ್ಕ ಒಬ್ಬ ನಿವೃತ್ತ ಡ್ರೈವರಿಗೆ ಈ ಕತೆ ಹೇಳಿದಾಗ ಅವರು ನಗಲಿಲ್ಲ. "ಮೂವತ್ತು ವರ್ಷ ಸ್ಟೀರಿಂಗ್ ಹಿಡಿದೆ ಸಾರ್. ಲಕ್ಷಗಟ್ಟಲೆ ಕಿಲೋಮೀಟರ್ ಹೋಗಿದೀನಿ. ಒಂದು ಕಿಲೋಮೀಟರೂ ನಡೀಲಿಲ್ಲ" ಎಂದರು. ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಡಾಕ್ಟರೇ ಚೀಟಿ ಬರೆದು ಕಳಿಸಿದ್ದಾರೆ. ನಮ್ಮ ಆಟೋ ಸ್ಟ್ಯಾಂಡಿನ ಹುಡುಗರಿಗೆ ಇವರನ್ನು ಒಂದು ದಿನ ಕರೆದುಕೊಂಡು ಹೋಗಿ ಮಾತಾಡಿಸಬೇಕು.

ಈಗ ಶುರು ಮಾಡಿ ಏನು ಬಂತು?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಬೆಳೆಯೋ ವಯಸ್ಸಲ್ಲಿ ಮಾಡಬೇಕಿತ್ತು, ಈಗ ಕಾಲ ಮೀರಿತು, ಇನ್ನು ಕಾಟಿಗೆ ಕಾಲು ಚಾಚಿರುವ ಹೊತ್ತಿನಲ್ಲಿ ಕಸರತ್ತು ಯಾಕೆ?

ಪಿ.ಯು.ಸಿ.ಯನ್ನು ಅರ್ಧಕ್ಕೆ ಬಿಟ್ಟ ನನಗೂ ಅರ್ಥವಾದ ಮೂರು ಲೆಕ್ಕಗಳನ್ನು ಇಲ್ಲಿ ಕೊಡುತ್ತೇನೆ.

ಒಂದು. 1990ರಲ್ಲಿ ಅಮೆರಿಕದ ಬಾಸ್ಟನ್ ಊರಿನ ಒಂದು ವೃದ್ಧಾಶ್ರಮದಲ್ಲಿ ಹತ್ತು ಮಂದಿ ಮುದುಕ ಮುದುಕಿಯರಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಕೊಟ್ಟರು. ಅವರ ವಯಸ್ಸು ಅರವತ್ತಲ್ಲ ಸ್ವಾಮಿ, 86ರಿಂದ 96! ಎಂಟು ವಾರ ಪೂರ್ತಿ ಮಾಡಿದವರ ಕಾಲಿನ ಶಕ್ತಿ ಸರಾಸರಿ 174 ಪರ್ಸೆಂಟ್ ಏರಿತು. ಅಂದರೆ ಹತ್ತು ಕೆ.ಜಿ. ಒದೆಯುತ್ತಿದ್ದವರು ಇಪ್ಪತ್ತೇಳು ಕೆ.ಜಿ. ಒದ್ದರು. ಇಬ್ಬರು ಕೈಕೋಲು ಬಿಟ್ಟು ನಡೆದರು. ಆದರೆ ಈ ಕತೆಗೆ ಒಂದು ಬಾಲವೂ ಇದೆ. ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರಕ್ಕೆ ಆ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಇಳಿದುಹೋಯಿತು. ಇದು ಬ್ಯಾಂಕಿನ ಎಫ್.ಡಿ. ಅಲ್ಲ, ದಿನಗೂಲಿ.

ಎರಡು. ಅಮೆರಿಕದಲ್ಲೇ 3,15,000 ಜನರ ಜೀವನದ ಲೆಕ್ಕ 2019ರಲ್ಲಿ ಬಂತು. ಯೌವನದಿಂದಲೂ ವ್ಯಾಯಾಮ ಬಿಡದೆ ಮಾಡಿಕೊಂಡು ಬಂದವರಿಗೆ ಏನೂ ಮಾಡದವರಿಗಿಂತ ಸಾವಿನ ಅಪಾಯ ಸುಮಾರು 36 ಪರ್ಸೆಂಟ್ ಕಡಿಮೆ ಇತ್ತು. ಸರಿ, ಅದು ನಿರೀಕ್ಷಿಸಿದ್ದೇ. ಆದರೆ ನಲವತ್ತು ದಾಟಿದ ಮೇಲೆ, ಅರವತ್ತರ ಒಳಗೆ ಶುರು ಹಚ್ಚಿಕೊಂಡವರಿಗೆ ಎಷ್ಟು ಕಡಿಮೆ? ಸುಮಾರು 35! ತಡವಾಗಿ ಬಂದವರಿಗೂ ಊಟ ಉಳಿದಿತ್ತು. ಇಂಥ ಲೆಕ್ಕದಲ್ಲಿ ಆರೋಗ್ಯ ಚೆನ್ನಾಗಿರುವವರೇ ವ್ಯಾಯಾಮಕ್ಕೆ ಇಳಿದಿರುತ್ತಾರೆ ಎಂಬ ತಕರಾರು ಇದ್ದೇ ಇರುತ್ತದೆ. ಅದನ್ನು ಬಿಟ್ಟು ನೋಡಿದರೂ ಕೈಕಟ್ಟಿ ಕೂರಲು ಕಾರಣ ಸಿಗುವುದಿಲ್ಲ.

ಮೂರು. ಇದು ನಮ್ಮ ನೆಲದ್ದು. 2023ರಲ್ಲಿ ಬಂದ ಐ.ಸಿ.ಎಂ.ಆರ್. ಲೆಕ್ಕದ ಪ್ರಕಾರ ದೇಶದಲ್ಲಿ ಹತ್ತು ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನೂ ಹದಿಮೂರೂವರೆ ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹೊಸ್ತಿಲಲ್ಲಿ ನಿಂತವರು ಒಳಗೆ ಹೋಗಲೇಬೇಕೆ? ಚೆನ್ನೈನ ಡಾಕ್ಟರುಗಳು ಅಂಥ ಐನೂರು ಚಿಲ್ಲರೆ ಜನರನ್ನು ಮೂರು ವರ್ಷ ನೋಡಿ 2006ರಲ್ಲಿ ಉತ್ತರ ಹೇಳಿದರು. ಊಟ ಹಿಡಿತಕ್ಕೆ ತಂದು, ದಿನಾ ಬಿರುಸಾಗಿ ನಡೆದವರಲ್ಲಿ ಕಾಯಿಲೆಗೆ ಬಿದ್ದವರ ಪ್ರಮಾಣ ಸುಮಾರು 28 ಪರ್ಸೆಂಟ್ ತಗ್ಗಿತು. ಮಾತ್ರೆಯಿಲ್ಲದೆ.

ಹಾಗಾದರೆ ಒಬ್ಬರೇ ಮಾಡಬಾರದೆ?

ಮಾಡಬಹುದು. ಆದರೆ ಮಾಡುವುದಿಲ್ಲವಲ್ಲ! ಜನವರಿ ಒಂದನೇ ತಾರೀಕು ಹೊಸ ಶೂಸು ಕೊಳ್ಳುತ್ತೇವೆ. ಸಂಕ್ರಾಂತಿಯ ಹೊತ್ತಿಗೆ ಅದು ಮಂಚದ ಕೆಳಗೆ ಸೇರಿರುತ್ತದೆ. ನಮ್ಮ ಹಾಸನದ ಪುಷ್ಯ ಮಾಸದ ಚಳಿ ಗೊತ್ತೇ ಇದೆ, ಕಂಬಳಿ ಬಿಟ್ಟು ಏಳಬೇಕಾದರೆ ಯಾರಾದರೂ ಬಾಗಿಲು ತಟ್ಟಬೇಕು.

ಗುಂಪಿನ ಗುಟ್ಟು ಅಲ್ಲಿದೆ. ಎರಡು ದಿನ ಬರದಿದ್ದರೆ ಮೂರನೇ ದಿನ ಫೋನು ಬರುತ್ತದೆ. "ಯಾಕ್ರೀ ರಾಯರೇ, ಹುಷಾರಿಲ್ವಾ?" ಅಂತ ಕೇಳುವ ಒಂದು ದನಿ ಇರುತ್ತದೆ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ಮನೆಯಲ್ಲಿ ಇಬ್ಬರೇ ಅಥವಾ ಒಬ್ಬರೇ ಉಳಿದಿರುವವರಿಗೆ ಆ ದನಿಯೇ ಅರ್ಧ ಔಷಧಿ. ಹೆಂಡತಿ ತೀರಿಕೊಂಡ ಮೇಲೆ ಮಾತು ನಿಲ್ಲಿಸಿದ್ದ ಒಬ್ಬ ನಿವೃತ್ತ ಮೇಷ್ಟ್ರು ಕಸರತ್ತಿಗಿಂತ ಆಮೇಲಿನ ಕಾಫಿಗೇ ಬರುತ್ತಾರೆ ಎಂದು ಉಳಿದವರು ತಮಾಷೆ ಮಾಡುತ್ತಾರೆ. ಮೇಷ್ಟ್ರು ಒಪ್ಪುತ್ತಾರೆ. "ಕಾಫಿಗೇ ಬರ್ತೀನಿ ಕಣಪ್ಪ, ಆದರೆ ಕಸರತ್ತು ಮಾಡದೆ ಕಾಫಿ ಕೊಡಲ್ಲ ಈ ಜನ."

ನಾಚಿಕೆ ಕಳೆಯುವುದಕ್ಕೂ ಗುಂಪೇ ಬೇಕು. ಒಬ್ಬರೇ ಪಾರ್ಕಿನಲ್ಲಿ ಕೈ ಬೀಸಿದರೆ ಹುಚ್ಚು ಅನ್ನುತ್ತಾರೆ. ಇಪ್ಪತ್ತು ಜನ ಬೀಸಿದರೆ ಕಾರ್ಯಕ್ರಮ ಅನ್ನುತ್ತಾರೆ.

ಇದೇನು ಹೊಸ ಪದ್ಧತಿಯೂ ಅಲ್ಲ. ನಮ್ಮ ಸೀಮೆಯ ಗರಡಿಮನೆಯಲ್ಲಿ ಒಬ್ಬೊಬ್ಬರೇ ದಂಡೆ ಹೊಡೆದವರುಂಟೆ? ಉಸ್ತಾದ್ ಇರುತ್ತಿದ್ದ, ಜೊತೆಯ ಪೈಲ್ವಾನರು ಇರುತ್ತಿದ್ದರು, ಕೆಮ್ಮಣ್ಣಿನ ಅಖಾಡ ಇರುತ್ತಿತ್ತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ಟಿ. ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದಾಗಲೂ ಹುಡುಗರ ಗುಂಪೇ. ಆದರೆ ಗರಡಿಯೂ ಯೋಗಶಾಲೆಯೂ ಮುಖ್ಯವಾಗಿ ಹರೆಯದ ಹುಡುಗರಿಗಾಗಿ ಇದ್ದವು. ಅಜ್ಜಂದಿರಿಗೆ ಅಲ್ಲಿ ಜಗುಲಿಯ ಜಾಗ, ಅಜ್ಜಿಯರಿಗೆ ಅದೂ ಇಲ್ಲ.

ಆ ಯೋಗಶಾಲೆಯಲ್ಲಿ ಕಲಿತ ಒಬ್ಬ ರೋಗಿಷ್ಟ ಹುಡುಗನೇ ಈ ಲೆಕ್ಕ ಬದಲಾಯಿಸಿದ. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಮೈ ಬಗ್ಗದವರಿಗೆ, ವಯಸ್ಸಾದವರಿಗೆ ಆಸನ ಕೈಗೆಟುಕಬೇಕೆಂದು ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ಗೋಡೆಗೆ ಕಟ್ಟಿದ ಹಗ್ಗ ಇವನ್ನೆಲ್ಲ ಬಳಕೆಗೆ ತಂದರು. ಬೆಲ್ಜಿಯಂ ದೇಶದ ಎಂಬತ್ತು ದಾಟಿದ ರಾಜಮಾತೆ ಎಲಿಸಬೆತ್‌ಗೆ ಶೀರ್ಷಾಸನ ಕಲಿಸಿದವರು ಇವರು. ಇವತ್ತು ನಮ್ಮ ಕ್ಲಾಸುಗಳಲ್ಲಿ ಮೊಣಕಾಲು ಹಿಡಿದ ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಹಿಡಿದು ಆಸನ ಮಾಡುತ್ತಿದ್ದರೆ ಆ ಕುರ್ಚಿಯ ಹಿಂದೆ ಬೆಳ್ಳೂರಿನವರ ಕೈಯಿದೆ.

ಹೆಂಗಸರ ಲೆಕ್ಕವೇ ಬೇರೆ

ಗಂಡಸರು 'ವಾಕಿಂಗ್' ಎಂದು ಹೇಳಿ ಎದ್ದು ಹೊರಟುಬಿಡುತ್ತಾರೆ. ಹೆಂಗಸರು ಹೊರಡಬೇಕಾದರೆ ಮೊದಲು ಹಾಲು ಕಾಸಬೇಕು, ನೀರು ಬಂದಿದ್ದರೆ ಹಿಡಿಯಬೇಕು, ಬಾಗಿಲಿಗೆ ರಂಗೋಲಿ ಇಡಬೇಕು, ಮೊಮ್ಮಗನ ಡಬ್ಬಿಗೆ ಚಿತ್ರಾನ್ನವೋ ಅಕ್ಕಿ ರೊಟ್ಟಿಯೋ ಆಗಬೇಕು. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಕ್ಲಾಸೂ ಮುಗಿದಿರುತ್ತದೆ.

'ಮನೆಕೆಲಸವೇ ಬೇಕಾದಷ್ಟು ವ್ಯಾಯಾಮ' ಎನ್ನುವ ಗಂಡಂದಿರು ಊರು ತುಂಬ ಇದ್ದಾರೆ. ಒರಳು, ಬೀಸುಕಲ್ಲು, ಬಾವಿಯ ರಾಟೆ ಇದ್ದ ಕಾಲಕ್ಕೆ ಆ ಮಾತು ಸರಿ. ಈಗ ರುಬ್ಬುವುದು ಗ್ರೈಂಡರು, ಒಗೆಯುವುದು ಮೆಶೀನು, ನೀರೆತ್ತುವುದು ಮೋಟಾರು. ಉಳಿದದ್ದು ನಿಂತುಕೊಂಡೇ ಇರುವ ಕೆಲಸ. ಕಾಲು ಊದುತ್ತದೆ, ಸೊಂಟ ಹಿಡಿಯುತ್ತದೆ, ಆದರೆ ಎದೆ ಬಡಿತ ಏರುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಬಚ್ಚಲಲ್ಲಿ ಒಮ್ಮೆ ಜಾರಿದರೆ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಅಜ್ಜಿಯರು ಎಷ್ಟು ಮನೆಯಲ್ಲಿಲ್ಲ? ಮೂಳೆಗೆ ಭಾರ ಬೇಕು, ಕಾಲಿಗೆ ಬಲ ಬೇಕು, ಮೈಗೆ ಸಮತೋಲ ಬೇಕು. ನ್ಯೂಜಿಲೆಂಡಿನ ಒಟಾಗೊದಲ್ಲಿ ವಯಸ್ಸಾದವರಿಗೆ ಕಾಲಿನ ಬಲ ಮತ್ತು ಸಮತೋಲದ ವ್ಯಾಯಾಮವನ್ನು ಕ್ರಮವಾಗಿ ಕಲಿಸಿ ನೋಡಿದಾಗ ಬೀಳುವುದು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು.

ಅದಕ್ಕೇ ಹೆಂಗಸರ ಗುಂಪುಗಳು ಜಾಣತನದಿಂದ ಹೊತ್ತು ಬದಲಾಯಿಸಿಕೊಳ್ಳುತ್ತವೆ. ಮಕ್ಕಳು ಸ್ಕೂಲಿಗೆ, ಗಂಡಸರು ಆಫೀಸಿಗೆ ಹೋದ ಮೇಲೆ ಹತ್ತೂವರೆಗೋ, ಸಂಜೆ ನಾಲ್ಕಕ್ಕೋ ಯಾರದಾದರೂ ಮನೆಯ ತಾರಸಿ ಮೇಲೆ ಅಥವಾ ಸಮುದಾಯ ಭವನದಲ್ಲಿ ಸೇರುತ್ತಾರೆ. ಚೂಡಿದಾರ ಹಾಕಲು ಅತ್ತೆ ಒಪ್ಪುವುದಿಲ್ಲವೆಂದು ಹಿಂಜರಿಯುತ್ತಿದ್ದ ಸೊಸೆ ಈಗ ಅತ್ತೆಯಾಗಿದ್ದಾಳೆ, ಐವತ್ತೆಂಟು ತುಂಬಿದೆ. ಮೊದಲ ಸಲ ಚೂಡಿದಾರ ಹಾಕಿ ಬಂದಿದ್ದಾಳೆ. "ನಮ್ಮ ಸೊಸೇನೇ ತಂದುಕೊಟ್ಲು" ಅನ್ನುವಾಗ ಮುಖ ನೋಡಬೇಕು!

ಯೋಗ ಮಾಡಿದರೆ ಮುಗೀತಾ?

ಇಲ್ಲೊಂದು ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. 2015ರಿಂದ ಜೂನ್ 21 ಬಂದರೆ ಊರಿಗೆ ಊರೇ ಚಾಪೆ ಹಾಸುತ್ತದೆ. ಸಂತೋಷ. ಮೈ ಬಗ್ಗಲು, ಉಸಿರು ಹದಕ್ಕೆ ಬರಲು, ಮನಸ್ಸು ನೆಲೆ ನಿಲ್ಲಲು ಯೋಗ ಒಳ್ಳೆಯದು. ಆದರೆ ಕೂತು ಮಾಡುವ ನಾಲ್ಕು ಆಸನ, ಪ್ರಾಣಾಯಾಮ ಇಷ್ಟಕ್ಕೇ ಹೃದಯದ ಬಾಬ್ತು ತೀರುವುದಿಲ್ಲ.

2018ರಲ್ಲಿ ಅಮೆರಿಕದ ಡಲ್ಲಾಸ್‌ನಿಂದ ಬಂದ ಒಂದು ಪ್ರಯೋಗ ಹೀಗಿದೆ. ಸುಮಾರು 53ರ ವಯಸ್ಸಿನ, ದಿನವಿಡೀ ಕೂತೇ ಇರುವ ಜನರನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ವಾರಕ್ಕೆ ನಾಲ್ಕೈದು ದಿನ ಏದುಸಿರು ಬರುವಂಥ ವ್ಯಾಯಾಮ. ಇನ್ನೊಂದು ಪಾಲಿಗೆ ಯೋಗ, ಸಮತೋಲ, ಭಾರ ಎತ್ತುವುದು. ಎರಡು ವರ್ಷ ಆದಮೇಲೆ ಏದುಸಿರಿನವರ ದಮ್ಮು 18 ಪರ್ಸೆಂಟ್ ಏರಿತ್ತು, ವಯಸ್ಸಿಗೆ ಬಿಗಿದುಕೊಂಡಿದ್ದ ಹೃದಯದ ಗೋಡೆ ಸಡಿಲಾಗಿತ್ತು. ಇನ್ನೊಂದು ಪಾಲಿನವರ ಹೃದಯ ಇದ್ದ ಹಾಗೇ ಇತ್ತು. ಅದೇ ತಂಡದವರು ಹಿಂದೆ ಅರವತ್ತೈದು ದಾಟಿದವರಿಗೆ ಒಂದು ವರ್ಷ ವ್ಯಾಯಾಮ ಕೊಟ್ಟಾಗ ದಮ್ಮು ಏರಿದರೂ ಹೃದಯದ ಬಿಗಿತ ಸಡಿಲಾಗಿರಲಿಲ್ಲ. ಕಾಲಿನ ಬಲ ತೊಂಬತ್ತಕ್ಕೂ ಬರುತ್ತದೆ, ಹೃದಯ ಮಾತ್ರ ಅಷ್ಟು ಹೊತ್ತು ಕಾಯುವುದಿಲ್ಲ. ಐವತ್ತರಲ್ಲಿರುವವರು ರಿಟೈರ್ ಆದಮೇಲೆ ನೋಡೋಣ ಅನ್ನದೆ ಈಗಲೇ ಹೊರಡಬೇಕು ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ ಇದು: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ವ್ಯಾಯಾಮ. ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಕೆಲಸ. ಅರವತ್ತೈದು ದಾಟಿದವರಾದರೆ ವಾರಕ್ಕೆ ಮೂರು ದಿನ ಸಮತೋಲ ಮತ್ತು ಬಲ ಸೇರಿದ ಕಸರತ್ತು. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಅಂದರೆ ಮೊದಲ ಲೆಕ್ಕ ತುಂಬಿತು. ಮಧ್ಯಮ ಬಿರುಸು ಅಂದರೇನು? ಮಾಡುತ್ತಾ ಮಾಡುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ರಾಗ ಎಳೆಯಲು ಆಗುತ್ತಿದ್ದರೆ ಇನ್ನೂ ತುಸು ಬಿರುಸು ಬೇಕು. ಮಾತೇ ಹೊರಡದಿದ್ದರೆ ನಿಧಾನಿಸಬೇಕು.

ನಿಮ್ಮ ಕಾಲು ಯಾವ ಮಟ್ಟದಲ್ಲಿದೆ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಕೈಯಿಲ್ಲದ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿ ಇಡಿ. ಕೈಗಳನ್ನು ಎದೆಗೆ ಕಟ್ಟಿ ಪೂರ್ತಿ ಎದ್ದು ನಿಂತು ಮತ್ತೆ ಕೂರಿ. ಮೂವತ್ತು ಸೆಕೆಂಡಿಗೆ ಎಷ್ಟು ಸಲ ಆಗುತ್ತದೆ ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಅಮೆರಿಕದ ಆರೋಗ್ಯ ಇಲಾಖೆಯವರ ಲೆಕ್ಕದಲ್ಲಿ 60ರಿಂದ 64ರ ಗಂಡಸಿಗೆ 14ಕ್ಕಿಂತ ಕಡಿಮೆ, ಹೆಂಗಸಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲು ಸೋತಿದೆ ಎಂದರ್ಥ. 70ರಿಂದ 74ರವರಿಗೆ 12 ಮತ್ತು 10. ಕಡಿಮೆ ಬಂದರೆ ಗಾಬರಿ ಬೇಡ. ಆ ಕುರ್ಚಿಯೇ ಔಷಧಿ. ದಿನಾ ಅದರಲ್ಲೇ ಎದ್ದು ಕೂರುವುದನ್ನು ಐದು ಸಲದಿಂದ ಶುರು ಮಾಡಿ ಏರಿಸುತ್ತಾ ಹೋಗಬಹುದು.

ಮೇಷ್ಟ್ರನ್ನು ನೋಡಿ ಸೇರಿ

ಕ್ಲಾಸುಗಳು ಹೆಚ್ಚಾದ ಹಾಗೆ ಹೇಳಿಕೊಡುವವರೂ ಹೆಚ್ಚಿದ್ದಾರೆ. ಅವರಲ್ಲಿ ಬಲ್ಲವರೂ ಇದ್ದಾರೆ, ಮೊಬೈಲ್ ನೋಡಿ ಕಲಿತು ಮಾರನೇ ದಿನ ಗುರುಗಳಾದವರೂ ಇದ್ದಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಮೊದಲ ದಿನ ನಿಮ್ಮ ಬಿ.ಪಿ., ಸಕ್ಕರೆ, ಮೊಣಕಾಲು, ಹಿಂದೆ ಆದ ಆಪರೇಷನ್ ಎಲ್ಲ ಕೇಳಿ ಬರೆದುಕೊಳ್ಳುವವರು ಒಳ್ಳೆಯ ಮೇಷ್ಟ್ರು. ಫೀಸು ಮಾತ್ರ ಬರೆದುಕೊಳ್ಳುವವರಿಂದ ದೂರ ಇರಿ. ಇಪ್ಪತ್ತರ ಹುಡುಗನಿಗೂ ಎಪ್ಪತ್ತರ ಅಜ್ಜನಿಗೂ ಒಂದೇ ಕುಣಿತ ಕುಣಿಸುವವರು, 'ನೋವಾದರೂ ಬಿಡಬೇಡಿ' ಎನ್ನುವವರು, 'ನಮ್ಮ ಕ್ಲಾಸಿಗೆ ಬಂದರೆ ಮಾತ್ರೆ ಬಿಡಬಹುದು' ಎನ್ನುವವರು ಇವರ ಕಡೆ ತಲೆ ಹಾಕಿಯೂ ಮಲಗಬೇಡಿ. ಮಾತ್ರೆ ಕಡಿಮೆ ಮಾಡುವುದು ಬಿಡುವುದು ಡಾಕ್ಟರ ಕೆಲಸ.

ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರೀ ಹೊಟ್ಟೆಯಲ್ಲಿ ಜೋರು ಕಸರತ್ತು ಮಾಡಿದರೆ ಸಕ್ಕರೆ ಇಳಿದು ತಲೆ ಸುತ್ತಿ ಬೀಳಬಹುದು. ಜೇಬಿನಲ್ಲಿ ಒಂದು ಚೂರು ಬೆಲ್ಲವೋ ಸಕ್ಕರೆಯೋ ಇರಲಿ. ಬಿ.ಪಿ. ಇದ್ದವರು ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ಬಿ.ಪಿ. ಹತೋಟಿಯಲ್ಲಿ ಇಲ್ಲದವರು, ಕಣ್ಣಿನಲ್ಲಿ ಗ್ಲಾಕೋಮಾ ಇದ್ದವರು ತಲೆ ಕೆಳಗೆ ಮಾಡಬಾರದು. ಎದೆನೋವು ಬಂದವರು, ಸ್ಟೆಂಟ್ ಹಾಕಿಸಿದವರು, ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುವವರು ಡಾಕ್ಟರ ಒಪ್ಪಿಗೆ ಪಡೆದೇ ಇಳಿಯಬೇಕು.

ಎದೆ ಹಿಂಡಿದ ಹಾಗಾಗಿ, ದವಡೆಗೋ ಎಡಗೈಗೋ ನೋವು ಹರಿದು, ತಣ್ಣನೆ ಬೆವರು ಬಂದರೆ 'ಗ್ಯಾಸು' ಎಂದು ಸೋಡಾ ಕುಡಿದು ಕೂರಬಾರದು. ಎಲ್ಲರೂ ಮಾಡುವ ತಪ್ಪು ಇದೇ. ನಿಂತು, 108ಕ್ಕೆ ಫೋನು ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಪುನೀತ್ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಲ್ಲಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಬೇಕಾದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ಏರ್ಪಾಡಿದೆ. ದೊಡ್ಡ ಊರಿಗೇ ಹೋಗೋಣ ಎಂದು ದಾರಿಯಲ್ಲಿ ಹೊತ್ತು ಕಳೆಯುವುದರಲ್ಲಿ ಜೀವ ಹೋಗುತ್ತದೆ.

ಇನ್ನು ಮೇಲೆ ಹೇಳಿದ ಎರಡನೇ ಹೆದರಿಕೆಗೆ ಉತ್ತರ. ಕಸರತ್ತು ಮಾಡುವಾಗ ಹೃದಯ ನಿಂತವರ ಸುದ್ದಿ ಪೇಪರಿನಲ್ಲಿ ಬರುತ್ತದೆ. ಸೋಫಾದ ಮೇಲೆ ಕೂತೇ ಸತ್ತವರದ್ದು ಸುದ್ದಿಯಾಗುವುದಿಲ್ಲ, ಯಾಕೆಂದರೆ ಅದು ದಿನಾ ಆಗುವಂಥದ್ದು. ಅಭ್ಯಾಸವೇ ಇಲ್ಲದವರು ಒಂದೇ ದಿನ ಮೈ ಮುರಿದುಕೊಳ್ಳಲು ಹೋದಾಗ ಅಪಾಯ ಹೆಚ್ಚು, ಇರುವೆ ಹೆಜ್ಜೆಯಲ್ಲಿ ಏರಿಸಿಕೊಂಡು ಹೋದರೆ ಅಪಾಯ ತಗ್ಗುತ್ತದೆ. ಇದನ್ನು ತಿಳಿಯಲು ಎಂ.ಬಿ.ಬಿ.ಎಸ್. ಓದಬೇಕಾಗಿಲ್ಲ.

ಊರು ಮಾಡಬೇಕಾದ್ದು

ಈ ಜನ ಸರ್ಕಾರದಿಂದ ಕೇಳುತ್ತಿರುವುದು ಬಹಳ ಕಡಿಮೆ. ಏ.ಸಿ. ಹಾಲ್ ಕೇಳುತ್ತಿಲ್ಲ. ವಿದೇಶದ ಮೆಶೀನು ಕೇಳುತ್ತಿಲ್ಲ. ಪಾರ್ಕಿನಲ್ಲಿ ಕಬ್ಬಿಣದ ವ್ಯಾಯಾಮ ಯಂತ್ರ ನೆಟ್ಟು, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ಹೋಗುವ ಪುಢಾರಿಗಳಿಗೆ ಅವರು ಹೇಳುವುದಿಷ್ಟೆ. ಯಂತ್ರ ಆಮೇಲೆ ಕೊಡಿ. ಮೊದಲು ಬೆಳಗಿನ ಐದಕ್ಕೆ ಹತ್ತಿಕೊಳ್ಳುವ ದೀಪ ಕೊಡಿ. ಎಡವದ ಹಾಗೆ ಮಟ್ಟವಾದ ನೆಲ ಕೊಡಿ. ಬೀದಿನಾಯಿ ಕಾಟ ತಪ್ಪಿಸಿ. ಬಿ.ಪಿ. ಮಾತ್ರೆ ನುಂಗುವವರಿಗೆ, ಸಕ್ಕರೆಯವರಿಗೆ, ಹೆಂಗಸರಿಗೆ ಗಂಟೆಗೊಮ್ಮೆ ಬೇಕಾಗುವುದು ಪಾಯಿಖಾನೆ. ಅದಿಲ್ಲದೆ ಎಷ್ಟೋ ಅಜ್ಜಿಯರು ಮನೆಯಲ್ಲೇ ಉಳಿದಿದ್ದಾರೆ. ಬೀಗ ಹಾಕಿದ ಪಾಯಿಖಾನೆಯಲ್ಲ, ನೀರಿರುವ, ಬೆಳಗ್ಗೆ ಐದಕ್ಕೇ ಬಾಗಿಲು ತೆಗೆಯುವ ಪಾಯಿಖಾನೆ. ಮಳೆಗಾಲದಲ್ಲಿ ಬಡಾವಣೆಯ ಸಮುದಾಯ ಭವನದ ಬೀಗದ ಕೈಯನ್ನು ದಿನಕ್ಕೊಂದು ಗಂಟೆ ಇವರಿಗೆ ಕೊಟ್ಟರೆ ಯಾರಪ್ಪನ ಗಂಟೂ ಹೋಗುವುದಿಲ್ಲ.

ಆಟೋ ಸ್ಟ್ಯಾಂಡುಗಳಲ್ಲಿ, ಬಸ್ ಡಿಪೋಗಳಲ್ಲಿ, ಗಾರ್ಮೆಂಟ್ಸ್ ಗೇಟಿನ ಒಳಗೆ ಇಂಥ ಅರ್ಧ ಗಂಟೆಯ ಗುಂಪು ಕಟ್ಟಬೇಕು ಎಂಬುದು ನಮ್ಮ ಮನವಿ. ಪಾರ್ಕಿಗೆ ಬರಲು ಪುರುಸೊತ್ತಿರುವುದು ಪಿಂಚಣಿ ಬರುವವರಿಗೆ. ದಿನಕ್ಕೆ ಹದಿನಾಲ್ಕು ಗಂಟೆ ಸೀಟಿನಲ್ಲಿ ಕೂತು, ರಾತ್ರಿ ತಳ್ಳುಗಾಡಿಯಲ್ಲಿ ತಿಂದು, ಬೀಡಿ ಸೇದಿ ಮಲಗುವವನ ಹತ್ತಿರ ಕ್ಲಾಸೇ ಹೋಗಬೇಕು, ಅವನು ಕ್ಲಾಸಿಗೆ ಬರಲಾರ. 2025ರಲ್ಲಿ ಈ ಜಿಲ್ಲೆ ಹೊತ್ತ ಹೆಣಗಳಲ್ಲಿ ಅಂಥವರದ್ದೂ ಇದ್ದವು. ಸಮಿತಿಯ ವರದಿಗೆ ಬೆಲೆ ಬರುವುದು ಆ ಸ್ಟ್ಯಾಂಡಿನಲ್ಲಿ ಹತ್ತು ಜನ ಡ್ರೈವರುಗಳು ಗಾಡಿ ಆಫ್ ಮಾಡಿ ಸಾಲಾಗಿ ನಿಂತು ಕೈ ಎತ್ತಿದ ದಿನ.